ಉಪ್ಪುನೀರಿನ ಬಕೆಟ್

ಆ ಕಲ್ಲಂಗಡಿಯ ಕಮಲವನ್ನು ಹಾಳು ಮಾಡಿದವಳು ನಾನು. ಖೈರುನ್ ಆಪಾ ಅಲ್ಲ. ಅವರ ಕೈಗುಣವೂ ಅಲ್ಲ, ಮೇ ತಿಂಗಳ ಬಿಸಿಲೂ ಅಲ್ಲ, ಯಾರ ದೃಷ್ಟಿಯೂ ಅಲ್ಲ — ನಾನು, ಸುಮಾ. ಒಂಬತ್ತು ಬೇಸಿಗೆ ಈ ಮಾತು ಗಂಟಲಿನವರೆಗೆ ಬಂದು ಬಂದು ಹಿಂದಕ್ಕೆ ಹೋಗಿದೆ. ಹೇಳಲು ಪುರುಸೊತ್ತಿರಲಿಲ್ಲವೆಂದೇನಲ್ಲ. ಹೇಳಲಿಲ್ಲ, ಅಷ್ಟೇ.

ಬೆಳಗಾವಿಯಲ್ಲಿ ಬೇಸಿಗೆ ಬಂತೆಂದರೆ ನನಗೆ ಉಸಿರಾಡಲು ಬಿಡುವಿರುವುದಿಲ್ಲ. ನಿಶ್ಚಿತಾರ್ಥದ ಸಾಖರಪುಡಾ, ಬಸುರಿಯ ಕುಬಸ, ಗೃಹಪ್ರವೇಶ, ಯಾವುದೇ ಇರಲಿ, ಊಟದ ಮೇಜಿನ ನಡುವೆ ಕೆತ್ತಿದ ಹಣ್ಣು ಬೇಕೇ ಬೇಕು. ಕಲ್ಲಂಗಡಿಯ ಕಮಲ, ಸೇಬಿನ ಹಂಸ, ಸುತ್ತಲೂ ಖಾನಾಪುರದ ಕಾಡಿನ ಕಪ್ಪು ಕವಳಿಹಣ್ಣು. ಸದಾಶಿವನಗರದಲ್ಲಿ ಯಾರನ್ನು ಕೇಳಿದರೂ "ಸುಮಕ್ಕನ್ನ ಕರೀರಿ" ಅನ್ನುತ್ತಾರೆ. ಅದನ್ನು ಕೇಳಿದಾಗ ನನಗೆ ಖುಷಿಯಾಗುತ್ತದೆ. ನಾಚಿಕೆಗೆಟ್ಟವಳು ನಾನು, ಈಗಲೂ ಖುಷಿಯಾಗುತ್ತದೆ.

ಆ ಕೆಲಸ ಕಲಿಸಿದವರು ಖೈರುನ್ ಆಪಾ. ಖಾನಾಪುರದವರು. ಗಂಡ ತೀರಿಕೊಂಡ ಮೇಲೆ ಗೋವಾದ ಒಂದು ಹೋಟೆಲಿನ ಅಡುಗೆಮನೆಯಲ್ಲಿ ದುಡಿದು ಕೆತ್ತನೆ ಕಲಿತಿದ್ದರು. ಮಗಳು ಶಬಾನಾಳನ್ನು ಓದಿಸಲು ಬೆಳಗಾವಿಗೆ ಬಂದು ನಮ್ಮ ಓಣಿಯಲ್ಲೇ ಬಾಡಿಗೆಗೆ ಇದ್ದರು. ಕಲ್ಲಂಗಡಿಯ ಹಸಿರು ಸಿಪ್ಪೆಯನ್ನು ತೆಳ್ಳಗೆ ಹೆರೆದು, ಕೆಳಗಿನ ಬಿಳಿಯನ್ನು ಉಳಿಸಿಕೊಂಡು, ಸಣ್ಣ ಚಾಕುವಿನಿಂದ ಎಸಳೆಸಳಾಗಿ ಬಿಡಿಸುತ್ತ ಹೋಗುತ್ತಿದ್ದರು. ಎಸಳಿನ ತುದಿ ಬಿಳಿ, ನಡುವೆ ಗುಲಾಬಿ, ಬುಡದಲ್ಲಿ ಕೆಂಪು. "ಹಣ್ಣು ಕೊಯ್ಯಬ್ಯಾಡವಾ, ಅರಳಸು," ಅನ್ನುತ್ತಿದ್ದರು. ಕುಬಸದ ಮನೆಯವರಂತೂ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಆಪಾ ಕೆತ್ತಿದ ಹೂವಿನ ಮೊದಲ ಎಸಳನ್ನು ಆಪಾನ ಕೈಯಿಂದಲೇ ಬಸುರಿಗೆ ತಿನ್ನಿಸಿದರೆ ಹೆರಿಗೆ ಸುಸೂತ್ರ — ಹಾಗೊಂದು ನಂಬಿಕೆ ಹೇಗೋ ಹಬ್ಬಿಬಿಟ್ಟಿತ್ತು. ಅವರೂ ಅದನ್ನು ನಂಬಿದ್ದರು. ಅದು ಅವರ ಹೆಮ್ಮೆಯಾಗಿತ್ತು.

ಆ ದಿನ ಬೆಳಗಾವಿ ಹೊರಗಿನ ಮಚ್ಛೆಯಲ್ಲಿ ಸಣ್ಣ ಕಾರ್ಖಾನೆ ಇಟ್ಟವರೊಬ್ಬರ ಸೊಸೆಗೆ ಕುಬಸ. ಅವರ ಮನೆಯ ಹಿತ್ತಲಿನಲ್ಲಿ ನಾವಿಬ್ಬರೂ ಕೂತಿದ್ದೆವು. ಪಕ್ಕದಲ್ಲಿ ಎರಡು ಬಕೆಟ್. ಕೊರೆದ ಸೇಬು ಕಪ್ಪಾಗದಿರಲೆಂದು ಒಂದರಲ್ಲಿ ಉಪ್ಪುನೀರು. ಕಲ್ಲಂಗಡಿಗೆ ಹೊದಿಸುವ ಬಟ್ಟೆ ತೋಯಿಸಲು ಇನ್ನೊಂದರಲ್ಲಿ ಐಸ್ ಹಾಕಿದ ಸಾದಾ ನೀರು. ಉಪ್ಪು ತಾಕಿದರೆ ಕಲ್ಲಂಗಡಿ ನೀರು ಬಿಟ್ಟು ಸೊರಗಿಹೋಗುತ್ತದೆ. ಇದು ಆಪಾ ನನಗೆ ಕಲಿಸಿದ ಮೊದಲ ಪಾಠ.

ನನ್ನ ಹಂಸದ ಕತ್ತು ಮುರಿಯಿತು. ಆಪಾ ಅದನ್ನು ಎತ್ತಿ ಅಡುಗೆಯವರಿಗೆ ತೋರಿಸಿದರು.

"ಇದು ಹಂಸ ಅಲ್ಲವಾ, ಕೋಳಿ! ಸಾರಿಗಿ ಹಾಕ್ರಿ ಇದನ್ನ."

ಎಲ್ಲರೂ ನಕ್ಕರು. ಆಪಾನ ತಮಾಷೆ ಯಾವಾಗಲೂ ಹಾಗೆಯೇ, ಅದರಲ್ಲಿ ವಿಷವಿರಲಿಲ್ಲ. ಆದರೆ ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವಂಥದ್ದು. ಧುಮುಧುಮು ಅನ್ನುತ್ತ ಎದ್ದೆ. ಬಟ್ಟೆಯನ್ನು ಬಕೆಟ್ಟಿಗೆ ಅದ್ದಿದೆ, ಹಿಂಡಿದೆ, ಅರಳಿ ಕೂತಿದ್ದ ಕಮಲದ ಮೇಲೆ ಹೊದಿಸಿದೆ. ಯಾವ ಬಕೆಟ್ ಎಂದು ನೋಡಲಿಲ್ಲ.

ಇಷ್ಟರವರೆಗೆ ಅದು ತಪ್ಪು. ಪಾಪ ಆಮೇಲಿನದು.

ಒಂದು ತಾಸಿನ ನಂತರ ಬಟ್ಟೆಯ ಅಂಚೆತ್ತಿ ನೋಡಿದೆ. ಎಸಳಿನ ತುದಿಗಳು ಮೆತ್ತಗಾಗಿದ್ದವು. ಬೆರಳಿಗೆ ಅಂಟಿದ ನೀರನ್ನು ನಾಲಿಗೆಗಿಟ್ಟುಕೊಂಡೆ — ಉಪ್ಪು. ಆಗಲೇ ಕೂಗಬಹುದಿತ್ತು. ಇನ್ನೊಂದು ಹಣ್ಣು ಅಲ್ಲೇ ಇತ್ತು, ಸಮಯವೂ ಇತ್ತು, ಬೈದುಕೊಂಡಾದರೂ ಆಪಾ ಇನ್ನೊಂದನ್ನು ಅರಳಿಸಿಬಿಡುತ್ತಿದ್ದರು. ಆದರೆ ಕೋಳಿಯೆಂದು ನಕ್ಕವರ ಮುಂದೆ ಇನ್ನೊಮ್ಮೆ ನಗೆಪಾಟಲಾಗಲು ನನಗೆ... ಹಂಸಗಳನ್ನು ಆಗಲೇ ಮೇಜಿಗೆ ಸಾಗಿಸಿದ್ದೆವು, ಉಪ್ಪುನೀರನ್ನು ಇನ್ನು ಯಾರೂ ಕೇಳುವಂತಿರಲಿಲ್ಲ. ನಾನು ಉಪ್ಪುನೀರಿನ ಬಕೆಟ್ಟನ್ನು ಎತ್ತಿ ಮೋರಿಗೆ ಸುರಿದೆ. ಕಮಲವನ್ನು ನಾನೇ ಒಯ್ದು ಮೇಜಿನ ಮೇಲಿಟ್ಟು, ಹೊಳೆಯಲೆಂದು ತಣ್ಣೀರು ಚಿಮುಕಿಸಿದೆ.

ಹಸಿರು ಸೀರೆ, ಹಸಿರು ಬಳೆ ತೊಟ್ಟ ಬಸುರಿ ಬಂದು ಮೇಜಿನೆದುರು ಕೂತಳು. ಆರತಿ ಮುಗಿಯುವಷ್ಟರಲ್ಲಿ ಎಸಳುಗಳು ಜೋತುಬಿದ್ದವು. ಕೆಂಪು ನೀರು ಬಿಳಿ ಮೇಜುಬಟ್ಟೆಯ ಮೇಲೆ ಹರಿದು, ಅಂಚಿನಿಂದ ಅವಳ ಕಾಲ ಹತ್ತಿರ ತೊಟ್ಟಿಕ್ಕತೊಡಗಿತು. ಮೊದಲು ಕಂಡವಳು ಆ ಮನೆಯ ಅಜ್ಜಿ.

"ಯವ್ವಾ! ಬಸುರಿ ಮುಂದ ರಕ್ತ ಸುರದಂಗ ಸುರ್ಯಾಕತ್ತೈತಿ! ತಗೀರಿ ಅದನ್ನ! ಎಂಥಾ ಹಾಳ ಕೈ ಮಾಡೇತಿ ಇದನ್ನ?"

ಎಲ್ಲರೂ ಆಪಾನ ಕಡೆ ತಿರುಗಿದರು. ಆಪಾ ಮೊದಲ ಎಸಳಿಗೆಂದು ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡರು. ನಾನು ನಾಲ್ಕು ಮಾರು ದೂರದಲ್ಲಿ ಹಣ್ಣಿನ ಬುಟ್ಟಿ ಹಿಡಿದು ಕಂಬದ ಹಾಗೆ ನಿಂತಿದ್ದೆ.

ಬಸ್ಸಿನಲ್ಲಿ ಬರುವಾಗ ಆಪಾ ಕೇಳಿದರು.

"ಸುಮಾ, ಅರಿವಿ ಅದ್ದಿದ್ದು ಸಾದಾ ನೀರಾಗ ಹೌದಿಲ್ಲೋ?"

"ಹೌದ್ರಿ ಆಪಾ. ಸಾದಾ ನೀರಽ."

ಅವರು ಮತ್ತೆ ಕೇಳಲಿಲ್ಲ, ನನ್ನ ಮೇಲೆ ಅಷ್ಟು ನಂಬಿಕೆ. ತಮ್ಮೆರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. "ಹಂಗಾರ ನನ್ನ ಕೈಗುಣಾನ ಕೆಟ್ಟೈತಿ," ಅಂದರು.

ಆಮೇಲೆ ಅವರು ಚಾಕು ಹಿಡಿಯಲಿಲ್ಲ. ಆ ಬಸುರಿಗೆ ಗಂಡುಮಗು ಹುಟ್ಟಿ ತಾಯಿ ಮಗು ಇಬ್ಬರೂ ಸುಖವಾಗಿದ್ದಾರೆಂದು ಹೇಳಲು ನಾನೇ ಓಡಿಹೋಗಿದ್ದೆ, ಅದರಿಂದಾದರೂ ಎಲ್ಲ ಸರಿಹೋದೀತೆಂದು. "ಅಲ್ಲಾ ಕಾಯ್ದಾ ನೋಡು, ನನ್ನ ಕೈಯಿಂದ," ಅಂದುಬಿಟ್ಟರು. ಅವರನ್ನು ಕರೆಯುತ್ತಿದ್ದವರೆಲ್ಲ ನನ್ನನ್ನು ಕರೆಯತೊಡಗಿದರು, ನಾನು ಹೋದೆ. ಶಬಾನಾಳನ್ನು ಖಾನಾಪುರಕ್ಕೇ ಮದುವೆ ಮಾಡಿಕೊಟ್ಟು ಆಪಾ ಅವಳ ಮನೆ ಸೇರಿಕೊಂಡರು. ಶಬಾನಾಳ ಚೊಚ್ಚಲ ಬಸುರಿನ ಶಾಸ್ತ್ರಕ್ಕೆ ಹಣ್ಣು ಕೆತ್ತಿದವಳೂ ನಾನೇ. ಹೆತ್ತ ಮಗಳಿಗೆ ಎಸಳು ತಿನ್ನಿಸಲು ಕರೆದರೆ ಆಪಾ ಹೊಸ್ತಿಲಾಚೆಯೇ ಕೂತು, "ನೀನಽ ತಿನಸವಾ, ನಿನ್ನ ಕೈ ಛಲೋ ಐತಿ," ಅಂದರು. ನಾನು ತಿನ್ನಿಸಿದೆ! ಮನುಷ್ಯಳಾದವಳು ಅಲ್ಲಿಯಾದರೂ ಬಾಯಿಬಿಡುತ್ತಿದ್ದಳು.

ಈ ಬೇಸಿಗೆ ಶಬಾನಾ ಮತ್ತೆ ಫೋನ್ ಮಾಡಿದಳು. ಮೂರನೆಯ ಕೂಸು, ತೊಟ್ಟಿಲ ಕಾರ್ಯ, ಬಂದು ಹೂವು ಮಾಡಿಕೊಡಬೇಕು ಅಂದಳು. ಕೊನೆಗೆ, "ಅಮ್ಮಿ ಈ ಸಲಾನೂ ಒಳಗ ಬರಂಗಿಲ್ಲ ಅಂತಾಳ. ನೀವರ ಹೇಳ್ರಿ ಅಕ್ಕಾ, ನಿಮ್ಮ ಮಾತು ಕೇಳ್ತಾಳ," ಅಂದಳು.

ಕಾರ್ಯಕ್ಕೆ ಮೂರು ದಿನ ಮೊದಲೇ, ಈ ಸಲ ಆಪಾನೇ ಅರಳಿಸಲಿ ಎಂದು ಒಂದು ಕಲ್ಲಂಗಡಿ ಹೊತ್ತುಕೊಂಡು ಖಾನಾಪುರದ ಬಸ್ಸು ಹತ್ತಿದೆ. ಮಚ್ಛೆ ದಾಟುವಾಗ ಕಿಟಕಿಯಾಚೆ ನೋಡಲಿಲ್ಲ. ಆಪಾ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದರು. ಬಳಿಯಲ್ಲಿ ಕೂತು ಎಲ್ಲವನ್ನೂ ಹೇಳಿದೆ — ಕೋಳಿಯ ಮಾತು, ಬಕೆಟ್, ಮೋರಿ, ಬಸ್ಸಿನಲ್ಲಿ ಆಡಿದ ಸುಳ್ಳು. ಅವರು ಮೊರವನ್ನು ಕೆಳಗಿಟ್ಟರು.

"ಉಪ್ಪಾ?"

"ಹೌದ್ರಿ ಆಪಾ."

"ನಾ ಕೇಳಿದ್ನಿ. ಬಸ್ಸಿನಾಗ ನಾ ನಿನ್ನ ಕೇಳಿದ್ನಿ, ಸುಮಾ."

ಬೈಯಲಿ, ಹೊಡೆಯಲಿ ಎಂದು ಕಾದೆ. ಅವರ ಬಾಯಿಂದ ಇನ್ನೊಂದೇ ಮಾತು ಬಂತು.

"ಶಬಾನಾಂದು ಮೂರು ಹೆರಿಗಿ ಆದವು. ಒಂದು ಕೂಸಿಗೂ ಮೊದಲನೇ ನೀರು ಹಾಕಿಲ್ಲ ನಾ. ಒಂದು ತೊಟ್ಟಿಲಾನೂ ತೂಗಿಲ್ಲ."

ಕ್ಷಮಿಸಿ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಯಾವ ಮುಖದಿಂದ ಕೇಳಲಿ? ಮಚ್ಛೆಯ ಆ ಮನೆಗೂ ಹೋಗುತ್ತೇನೆ, ಆ ಅಜ್ಜಿ ಇನ್ನೂ ಇದ್ದಾರೆ, ಅಂದು ನೆರೆದವರ ಹೆಸರು ಹಿಡಿದು ಒಬ್ಬೊಬ್ಬರಿಗೂ ಹೇಳುತ್ತೇನೆ — ಅಷ್ಟನ್ನು ಮಾತ್ರ ಅವರೆದುರು ಹೇಳಿದೆ, ಹೋಗಿಯೇ ಹೋಗುತ್ತೇನೆ.

ಶಬಾನಾ ಕೂಸನ್ನೆತ್ತಿಕೊಂಡು ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ನನ್ನ ಕಡೆ ನೋಡಲಿಲ್ಲ. ನೆಟ್ಟಗೆ ತಾಯಿಯ ಮುಂದೆ ಬಂದು ಕೂಸನ್ನು ಚಾಚಿದಳು.

"ಅಮ್ಮೀ, ಕೇಳಿದಿಲ್ಲ? ನಿನ್ನ ಕೈಗೆ ಏನೂ ಆಗಿಲ್ಲ. ಇನ್ನರ ತಗೋ."

ಆಪಾನ ಕೈಗಳು ಮೇಲೆದ್ದವು. ಅರ್ಧಕ್ಕೆ ನಿಂತವು. ಸೆರಗಿನಲ್ಲಿ ಒರೆಸಿಕೊಂಡರು, ಇನ್ನೊಮ್ಮೆ ಒರೆಸಿಕೊಂಡರು, ತಿರುಗಿಸಿ ನೋಡಿಕೊಂಡರು — ಅಂದು ಬಸ್ಸಿನಲ್ಲಿ ನೋಡಿಕೊಂಡ ಹಾಗೆಯೇ. ಆಮೇಲೆ ಖಾಲಿ ಕೈಗಳನ್ನು ಮೆಲ್ಲಗೆ ಮಡಿಲಿಗೆ ಇಳಿಸಿಕೊಂಡರು. ಶಬಾನಾ ಕೂಸನ್ನು ಚಾಚಿಕೊಂಡು ಹಾಗೇ ನಿಂತಿದ್ದಳು.