ಪೆಸ್ಟ್ ಅಂದ್ರೇನು

ಪೊಲೀಸ್ ಆಕ್ಷನ್ ಮುಗಿದು ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ಮೇಲೆ ಚಿತ್ತಾಪುರದ ನಮ್ಮ ಸಾಲಿಯಲ್ಲಿ ಉರ್ದು ಹೋಗಿ ಕನ್ನಡ ಬಂತು. ಕನ್ನಡ ಬರೆಯಬಲ್ಲ ಹೆಂಗಸರು ಸಿಗುವುದೇ ಕಷ್ಟವಿದ್ದ ಕಾಲ. ಮನೆಯಲ್ಲಿ ಅಪ್ಪ ಕನ್ನಡ ಕಲಿಸಿದ್ದರಿಂದ ನನ್ನನ್ನು ಮಾಸ್ತರಿಕೆಗೆ ತಗೊಂಡರು. ಅದೇ ಸಾಲಿಯಲ್ಲಿ ನನಗೆ ಉರ್ದುವಿನಲ್ಲಿ ಲೆಕ್ಕ ಹೇಳಿದ ಉಸ್ತಾದರು ನೌಕರಿ ಕಳೆದುಕೊಂಡು ಮನೆಯಲ್ಲಿ ಕೂತಿದ್ದರು.

ಆಗಾಗ ಬಂದು ಹೆಡ್‌ಮಾಸ್ತರರ ಮುಂದೆ ನಿಲ್ಲುತ್ತಿದ್ದರು. "ಲೆಕ್ಕ ಕನ್ನಡದಾಗೇ ಹೇಳ್ತೀನ್ರಿ ಸಾಹೇಬ್ರ. ಬರಿಯೂದು ಕಲ್ಯಾಕತ್ತೀನಿ." ಅವರ ಮಾತು ನನ್ನ ಅವ್ವನ ಮಾತಿನಂಥದ್ದೇ. ಆ ಹೆಡ್‌ಮಾಸ್ತರರು ಬೊಂಬಾಯಿ ಸೀಮೆಯಿಂದ ಹೊಸದಾಗಿ ಬಂದವರು. ಒಮ್ಮೆಯೂ ಕುಂದ್ರಿ ಅನ್ನಲಿಲ್ಲ.

ಒಂದು ದಿನ ಉಸ್ತಾದರು ಹೊಸ್ತಿಲು ದಾಟುತ್ತಲೇ ಹೆಡ್‌ಮಾಸ್ತರರು ನಮ್ಮ ಕಡೆ ತಿರುಗಿ "ಪೆಸ್ಟ್!" ಅಂದರು. "ಇವರೆಲ್ಲಾ ವರ್ಮಿನ್." ಉಳಿದ ಮಾಸ್ತರರು ನಕ್ಕರು. ತಿಳಿದು ನಕ್ಕರೋ, ಸಾಹೇಬರು ನಕ್ಕರೆಂದು ನಕ್ಕರೋ, ಆ ನಗು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಕಪಾಟಿನ ದೊಡ್ಡ ನಿಘಂಟು ತೆಗೆದು ನೋಡಿದೆ. ವರ್ಮಿನ್ ಅಂದರೆ ಇಲಿ, ಹೆಗ್ಗಣ, ಹೇನು, ತಿಗಣಿ. ಹುಳ ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಹುಟ್ಟಿದ್ದು. ಪೆಸ್ಟ್ ಅಂದರೆ ಬೆಳೆ ತಿನ್ನುವ ಹುಳಹುಪ್ಪಡಿ, ಕಾಟ ಕೊಡುವ ಮನುಷ್ಯ. ಅದಕ್ಕೂ ಹಿಂದಿನ ಅರ್ಥ ಪ್ಲೇಗು.

ಅವ್ವ ಸಣ್ಣಾಕಿ ಇದ್ದಾಗ ಪ್ಲೇಗು ಬಂದು ಊರಿಗೆ ಊರೇ ಹೊಲದಲ್ಲಿ ಗುಡಿಸಲು ಹಾಕಿತ್ತಂತೆ. ಅವಳ ಬೆನ್ನಿಗೆ ಬಿದ್ದ ತಂಗಿ ಅಲ್ಲೇ ತೀರಿಕೊಂಡಳು. ನಮ್ಮ ಮನೆಯಲ್ಲಿ ಯಾರೂ ಆ ಹೆಸರು ಎತ್ತುತ್ತಿರಲಿಲ್ಲ, 'ಆ ಬ್ಯಾನಿ' ಅಂತಷ್ಟೇ ಅನ್ನುತ್ತಿದ್ದರು. ಅಂಥ ಹೆಸರನ್ನು ಇವರು ಜೀವಂತ ಮನುಷ್ಯನಿಗೆ ಇಟ್ಟಿದ್ದರು.

ನಿಘಂಟು ಹಿಡಿದುಕೊಂಡೇ ಹೆಡ್‌ಮಾಸ್ತರರ ಕೋಣೆಗೆ ಹೋದೆ.

"ಸರ್, ಉಸ್ತಾದರಿಗೆ ಪ್ಲೇಗು ಅಂದ್ರಿ. ಹುಳ ಅಂದ್ರಿ."

"ಮಾತಿಗೆ ಅಂದೆ ಅಕ್ಕೋರೆ. ಇಂಗ್ಲಿಷಿನ್ಯಾಗ ಹಂಗ ಅಂತಾರ."

"ಅದ ಮಾತು ಕನ್ನಡದಾಗ ಅವರ ಮಾರಿಗೆ ಅಂತೀರೇನ್ರಿ?"

ಅವರ ಮುಖ ಕೆಂಪಾಯಿತು. "ಅವರೇನು ನಿಮ್ಮ ಬಳಗ ಏನ್ರಿ?"

"ಹೌದ್ರಿ. ಅವರ ಕೈಯಾಗ ಕಲತಾಕಿ ನಾ."

ಆ ತಿಂಗಳೇ ನನ್ನನ್ನು ಚಿಂಚೋಳಿಗೆ ಬದಲಿ ಮಾಡಿದರು.

ಚಿಂಚೋಳಿಗೆ ರೈಲಿಲ್ಲ, ಸೇಡಂನಲ್ಲಿ ಇಳಿದು ಹೋಗಬೇಕು. ನಾನು ಹತ್ತಿದ ರೈಲಿನಲ್ಲಿ ಉಸ್ತಾದರೂ ಇದ್ದರು. ಮನೆ ಖಾಲಿ ಮಾಡಿ ಹೈದರಾಬಾದಿಗೆ, ಮಗಳ ಹತ್ತಿರ ಹೊರಟಿದ್ದರು. ಬುತ್ತಿಯ ರೊಟ್ಟಿ ಮುರಿದು ಕೊಟ್ಟರು.

"ಯಾಕ ಬದಲಿ ಮಾಡಿದ್ರು ಬೇಟಿ?"

"ಇಂಗ್ಲಿಷ್ ಓದಿದ್ದಕ್ಕರಿ."

"ಭಾಳ ಚಲೋ ಆತು. ಓದು," ಎಂದು ನಕ್ಕರು. ಯಾವ ಶಬ್ದ ಓದಿದೆ ಎಂದು ಕೇಳಲಿಲ್ಲ. ಕೇಳಿದ್ದರೂ ಹೇಳುತ್ತಿರಲಿಲ್ಲ. ಸೇಡಂನಲ್ಲಿ ನಾನು ಇಳಿಯುವಾಗ ನನ್ನ ಟ್ರಂಕನ್ನು ತಾವೇ ಬಾಗಿಲವರೆಗೆ ಹೊತ್ತು ತಂದು ಕೊಟ್ಟರು. ಮುಂದೆ ಅವರನ್ನು ನಾನು ನೋಡಲಿಲ್ಲ.

ಚಿಂಚೋಳಿ ಸಾಲಿಯವರು ಮರ್ಯಾದೆಯಿಂದ ಚಹಾ ಕೊಟ್ಟು ಕೂರಿಸಿದರು. ಕಪ್ಪು ಮುಟ್ಟುವ ಮೊದಲೇ ಕೇಳಿದೆ: "ಇಲ್ಲಿ ಉರ್ದು ಹೇಳ್ತಿದ್ದ ಮಾಸ್ತರು ಎಲ್ಲಿ ಹೋದ್ರರಿ?"

"ಚಹಾ ಆರತದ, ಕುಡೀರಿ," ಅಂದರು. ಮರುದಿನ ಮತ್ತೆ ಕೇಳಿದೆ.