ಹುಣಸೆಹಣ್ಣಿನಲ್ಲಿ ತೊಳೆದ ಪಿಎಚ್‌ಡಿ

ಕಪ್ಪಾದ ತಾಮ್ರ ಕಂಡರೆ ನಮ್ಮಮ್ಮ ಸುಮ್ಮನೆ ಕೂರುವವರಲ್ಲ. ಹಂಡೆಯಿರಲಿ, ಚೊಂಬಿರಲಿ, ಮೊಮ್ಮಗಳ ಪಿಎಚ್‌ಡಿಯೇ ಇರಲಿ, ಹುಣಸೆಹಣ್ಣು ಹಾಕಿ ಉಜ್ಜಿಯೇ ತೀರುತ್ತಾರೆ.

ಕಳೆದ ಶುಕ್ರವಾರ ಆಗಿದ್ದೂ ಅದೇ.

ನನ್ನ ತಂಗಿಯ ಮಗಳು ಶಿಲ್ಪಾ ಹಾಸನದಲ್ಲಿ ತಾಮ್ರದ ಮೇಲೆ ಸಂಶೋಧನೆ ಮಾಡುತ್ತಿದ್ದಾಳೆ. ತಾಮ್ರ ಬಿಸಿಯನ್ನು ಸರಸರನೆ ಸಾಗಿಸುತ್ತದೆ. ಹಾಗಾಗಿ ರಾಕೆಟ್ ಎಂಜಿನ್ನಿಗೂ ಬೇಕು. ಆದರೆ ವಿಪರೀತ ಕಾದರೆ ಮೆತ್ತಗಾಗುತ್ತದೆ. (ಹೆಂಡತಿಯ ತವರಲ್ಲಿ ನಾನು ಆಗುವ ಹಾಗೆ.) ಕಾದರೂ ಗಟ್ಟಿಯಾಗಿರಲಿ ಅಂತ ಇವಳು ಅದಕ್ಕೆ ಚಿಟಿಕೆ ಕ್ರೋಮಿಯಂ, ಇನ್ನೂ ಸಣ್ಣ ಚಿಟಿಕೆ ಜಿರ್ಕೋನಿಯಂ ಬೆರೆಸಿದ್ದಳು.

ಒಟ್ಟು ನಾಲ್ಕು ತುಂಡು. ಎರಡು ಬರೀ ತಾಮ್ರ, ಎರಡು ಇವಳ ಮಿಶ್ರಲೋಹ. ವಾರಗಟ್ಟಲೆ ಕುಲುಮೆಯಲ್ಲಿ ಬೆಂದು ಎಲ್ಲವೂ ಕಪ್ಪಾಗಿದ್ದವು. ಯಾವುದು ಯಾವುದೆಂದು ಮಾರ್ಕರ್‌ನಲ್ಲಿ ಬರೆದು, ಜೋಪಾನವಾಗಿರಲಿ ಅಂತ ಹೊಳೆನರಸೀಪುರದ ನಮ್ಮ ಮನೆಗೇ ತಂದಿದ್ದಳು. ಸೋಮವಾರ ಗೈಡ್ ಎದುರು ಗಡಸುತನದ ಪರೀಕ್ಷೆ. ತುಂಡುಗಳು ಅದಲುಬದಲಾದರೆ ಹೊಸದನ್ನು ಬೇಯಿಸಲು ಕುಲುಮೆಯ ಸರದಿಗೆ ಮತ್ತೆ ತಿಂಗಳುಗಟ್ಟಲೆ ಕಾಯಬೇಕು.

ಹುಡುಗಿ ಸ್ನಾನ ಮುಗಿಸಿ ಬಂದು ನೋಡುತ್ತಾಳೆ, ದೇವರ ಮನೆಯಲ್ಲಿ ನಾಲ್ಕೂ ತುಂಡು ಥಳಥಳ! ಮೇಲೆ ಅರಿಶಿನ, ಕುಂಕುಮ ಬೇರೆ.

“ಅಜ್ಜೀ! ಅದ್ರ ಮೇಲೆ ಬರ್ದಿದ್ದೆ!”

“ಅದಾ? ಓಗಾಕಿಲ್ಲ ಅಂತ ಕೂತಿತ್ತು ಕಣವ್ವ. ಬೂದಿ ಆಕಿ ಉಜ್ದೆ ನೋಡು, ಓಯ್ತು.”

ಶಿಲ್ಪಾ ಕುಸಿದು ಕೂತಳು. ಕಣ್ಣಲ್ಲಿ ನೀರು. ನಾನು ಜಾಣತನ ತೋರಿಸಲು ಹೋದೆ. “ಅಷ್ಟಕ್ಕೆ ಯಾಕಮ್ಮ ಅಳ್ತೀಯ? ಗಟ್ಟಿಯಾಗಿರೋ ಎರಡು ನಿಂದು, ಮೆತ್ತಗಿರೋವು ಬರೀ ತಾಮ್ರ. ಹಂಗೇ ಬರ್ಕೊ.”

“ಮಾವ, ನಂದು ಗಟ್ಟಿ ಉಳಿದೈತಾ ಅಂತ ತಾನೇ ನೋಡ್ಬೇಕಿರೋದು? ಗಟ್ಟಿಯಾಗಿರೋದೆಲ್ಲ ನಂದೇ ಅಂದ್ಬುಟ್ರೆ ನಾನು ಸೋಲೋದೇ ಇಲ್ವಲ್ಲ. ಮೋಸ ಅಲ್ವಾ ಅದು?”

ನಾನು ಪೇಪರ್ ತೆಗೆದು ಮುಖಕ್ಕೆ ಅಡ್ಡ ಹಿಡಿದೆ. ಅಮ್ಮ ಮಾತ್ರ, “ಒಸಿ ಉಪ್ಪಿಟ್ಟು ತಿನ್ನವ್ವ, ಆಮೇಲೆ ಅಳೀವಂತೆ” ಎಂದರು.

ಉಪ್ಪಿಟ್ಟು ಅರ್ಧ ಮುಗಿಯುವಷ್ಟರಲ್ಲಿ ಹುಡುಗಿ ದಿಢೀರನೆ ಎದ್ದಳು. “ಕರೆಂಟು ಮಾವ, ಕರೆಂಟು!” ಬರೀ ತಾಮ್ರದಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದಂತೆ, ಬೆರಕೆಯಲ್ಲಿ ತುಸು ಕಡಿಮೆಯಂತೆ. ಮೊದಲು ಅದನ್ನು ಅಳೆದು ಹೆಸರು ಬರೆಯುವುದು, ಗಡಸುತನ ಆಮೇಲೆ ನೋಡುವುದು.

ಸೋಮವಾರ ನಾವೂ ಹಾಸನಕ್ಕೆ ಹೊರಟೆವು. (“ತೊಳ್ದೋಳು ನಾನು, ನಾನೂ ಬತ್ತೀನಿ” ಎಂದು ಅಮ್ಮ ರೇಷ್ಮೆ ಸೀರೆ ಉಟ್ಟು ರೆಡಿ.) ಲ್ಯಾಬಿನಲ್ಲಿ ಶಿಲ್ಪಾ ಕರೆಂಟು ಅಳೆದು, ಗೈಡ್ ಎದುರೇ ಹೆಸರು ಬರೆದಳು. ಆಮೇಲೆ ಮೆಷಿನ್ನಿನ ವಜ್ರದ ಮೊನೆ ಒಂದೊಂದೇ ತುಂಡನ್ನು ಒತ್ತಿತು. ಬರೀ ತಾಮ್ರದಲ್ಲಿ ದೊಡ್ಡ ಗುಳಿ. ಇವಳದರಲ್ಲಿ? ಚುಕ್ಕಿಯಷ್ಟೇ! ಎರಡರಲ್ಲೂ!

ಶಿಲ್ಪಾ ಅಜ್ಜಿಯನ್ನು ಅನಾಮತ್ತಾಗಿ ಎತ್ತಿ ಒಂದು ಸುತ್ತು ತಿರುಗಿಸಿದಳು. “ಇಳ್ಸಲೇ, ಬಿದ್ದೋಯ್ತೀನಿ” ಎನ್ನುತ್ತಲೇ ಅಮ್ಮ ನಗುತ್ತಿದ್ದರು. ಗೈಡ್ ಕೂಡ ಚಪ್ಪಾಳೆ ಹೊಡೆದರು.

“ನಾನು ಉಜ್ಜಿದ್ಕೇ ಗಟ್ಟಿಯಾಗಿರೋದು ಕಣ್ಲಾ,” ಎಂದು ಬಸ್ಸಿನುದ್ದಕ್ಕೂ ಅಮ್ಮನ ವಾದ. ನಾನೂ ಪಕ್ಕದ ಸೀಟಿನವರಿಗೆ ಎದೆಯುಬ್ಬಿಸಿ ಹೇಳುತ್ತಿದ್ದೆ: “ನಮ್ಮ ಹುಡುಗಿ ಗೆಲ್ತಾಳೆ ಅಂತ ನಂಗೆ ಮೊದ್ಲೇ ಗೊತ್ತಿತ್ತು!”

ಪರೀಕ್ಷೆಗೆ ಮುಂಚೆ ಹೆಸರು ಬರೆಯುವ ಧೈರ್ಯ ಅವಳಿಗಿತ್ತು. ಫಲಿತಾಂಶ ಬಂದ ಮೇಲೆ “ಮೊದಲೇ ಗೊತ್ತಿತ್ತು” ಎನ್ನುವ ನಮಗೆ ಆ ಧೈರ್ಯ ಬರುವುದು ಯಾವಾಗ?