ತಿಕೋಟಾ ಗೋದಾಮಿನ ಹಿಂಬಾಗಿಲು

ವಿಜಯಪುರದಿಂದ ತಿಕೋಟಾ ಬಸ್ಸು ಹೊರಟಾಗ ಇನ್ನೂ ಬೆಳಗಿನ ಹೊತ್ತು. ಆಗಲೇ ಬಿಸಿಲು ಸುಡುತ್ತಿತ್ತು. ಗೋದಾಮು, ಅಂಗಡಿ, ಕಾರ್ಖಾನೆಗಳಿಗೆ ಕಳ್ಳರು ಎಲ್ಲಿಂದ ನುಗ್ಗಬಹುದೆಂದು ನೋಡಿ, ಭದ್ರ ಮಾಡುವ ದಾರಿ ಹೇಳುವುದು ನನ್ನ ಕೆಲಸ. ಇಪ್ಪತ್ತು ಕಿಲೋಮೀಟರನ್ನು ನಿಂತುಕೊಂಡೇ ಮುಗಿಸಿದೆ. ಎರಡೂ ಬದಿಗೆ ದ್ರಾಕ್ಷಿ ತೋಟ, ಬಾಯಿ ತುಂಬ ಧೂಳು.

ತಿಕೋಟಾದಲ್ಲಿ ಮಿರ್ಚಿ, ಚುರುಮುರಿ ತಿಂದು ಒಣದ್ರಾಕ್ಷಿ ಗೋದಾಮಿಗೆ ಹೋದೆ. ತಗಡಿನ ಶೆಡ್ಡು. ಮುಂಬಾಗಿಲಿಗೆ ಹೊರಗಿನಿಂದ ಕೀಲಿ. ತೆಗೆಸಿ ನೋಡಿದರೆ ಒಳಗೆ ಹೆಂಗಸರು ಕೂತು ಒಣದ್ರಾಕ್ಷಿ ಆರಿಸುತ್ತಿದ್ದಾರೆ! "ಪೆಟ್ಟಿಗಿ ಕಳುವಾಗಾಕತ್ತಾವ್ರಿ. ಇವರದ ಕೆಲಸ. ಅದಕ್ಕ ಕೀಲಿ," ಎಂದರು ನನ್ನನ್ನು ಕರೆಸಿದ್ದ ಗೋದಾಮಿನ ಸಾವ್ಕಾರರು. ಸಂಜೆ ಮನೆಗೆ ಹೋಗುವಾಗ ಒಬ್ಬೊಬ್ಬರೂ ಬಾಗಿಲಲ್ಲಿ ನಿಂತು ಸೀರೆಯ ಉಡಿ ಜಾಡಿಸಿ ತೋರಿಸಬೇಕಂತೆ. ಕೇಳಿ ನನಗೇ ನಾಚಿಕೆಯಾಯಿತು.

ಅವರಲ್ಲಿ ಹಿರಿಯಳಾದ ಮಾಬೂಬಿ ನನ್ನನ್ನು ಪಕ್ಕಕ್ಕೆ ಕರೆದಳು. "ಸರ್, ನಾವು ಕಳ್ಳರಲ್ಲ ಅಂತ ಅಷ್ಟ ಹೇಳ್ರಿ. ಬ್ಯಾರೆ ಏನೂ ಬ್ಯಾಡ."

ಹೇಳುವುದಕ್ಕೆ ಸಾಕ್ಷಿ ಬೇಕಲ್ಲ! ಶೆಡ್ಡನ್ನು ಸುತ್ತಿದೆ. ಹಿಂದೆ ಇನ್ನೊಂದು ಬಾಗಿಲಿತ್ತು, ಒಳಗಿನಿಂದ ಬರೀ ಚಿಲಕ. ಪಕ್ಕದ ತಗಡಿನ ಬೋಲ್ಟುಗಳನ್ನು ಯಾರೋ ಹೊರಗಿನಿಂದ ಬಿಚ್ಚಿ, ಕೈ ತೂರಿಸಿ ಚಿಲಕ ಸರಿಸಿದ್ದರು. ಮಣ್ಣಿನಲ್ಲಿ ಗಾಡಿಯ ಚಕ್ರದ ಗುರುತು. ಸಾವ್ಕಾರರಿಗೆ ತೋರಿಸಿದೆ.

"ಕಳ್ಳ ಹೊರಗಿನಾಂವ ಅದಾನ್ರಿ. ಹೆಣ್ಣಮಕ್ಕಳ ಮ್ಯಾಲ ಅನುಮಾನ ಬಿಡ್ರಿ. ಹಿಂದಿನ ಬಾಜು ಗಟ್ಟಿ ಮಾಡ್ರಿ, ಮುಂದಿನ ಕೀಲಿ ತಗೀರಿ."

"ಆತ್ರಿ, ಇವತ್ತ ಮಾಡಸ್ತೀನಿ," ಎಂದರು. ಮಾಬೂಬಿಯ ಮುಖ ಅರಳಿತು. ನಾನೂ ಒಳಗೊಳಗೇ ಬೀಗಿದೆ, ಸುಳ್ಳೇಕೆ ಹೇಳಲಿ.

ಟಂಟಂ ಆಟೋ ಹತ್ತಿ ಬಬಲೇಶ್ವರಕ್ಕೆ ಹೋಗಿ ಗೊಬ್ಬರದಂಗಡಿಯೊಂದನ್ನು ನೋಡಿದೆ. ಖಾನಾವಳಿಯಲ್ಲಿ ರೊಟ್ಟಿ, ಎಣ್ಣೆಗಾಯಿ ಉಂಡು ಬರುವಷ್ಟರಲ್ಲಿ ವಿಜಯಪುರದ ನೇರ ಬಸ್ಸು ಹೋಗಿಬಿಟ್ಟಿತ್ತು. ತಿಕೋಟಾ ಮೇಲೆಯೇ ಬರಬೇಕಾಯಿತು. ಮೋಡ ಕವಿದು ಗಾಳಿ ಎದ್ದಿತ್ತು. ಮುಂದಿನ ಬಸ್ಸಿಗೆ ಹೊತ್ತಿದ್ದುದರಿಂದ ಗೋದಾಮಿನತ್ತ ಹೋದೆ.

ವೆಲ್ಡಿಂಗಿನವನು ಹಿಂಬಾಗಿಲಿಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿಗಳನ್ನು ಬೆಸೆದು ಸಾಮಾನು ಕಟ್ಟುತ್ತಿದ್ದ. ಆ ಬಾಗಿಲು ಇನ್ನು ತೆರೆಯುವಂತೆಯೇ ಇರಲಿಲ್ಲ. ಮುಂಬಾಗಿಲಿಗೆ ಓಡಿದೆ. ಹೊರಗಿನ ಕೀಲಿ ಹಾಗೇ ಇತ್ತು, ಒಳಗೆ ಹೆಂಗಸರು.

"ಏನ್ ಮಾಡಿಟ್ರಿ ಇದು! ಬೆಂಕಿ ಹತ್ತಿದ್ರ ಇವರು ಎಲ್ಲಿಂದ ಹೊರಗ ಬರಬೇಕು?" ಎಂದು ಸಾವ್ಕಾರರ ಮೇಲೆ ಕೂಗಾಡಿದೆ.

"ಹಿಂದಿನ ಬಾಜು ಗಟ್ಟಿ ಮಾಡ್ರಿ ಅಂದವರು ನೀವ ಅಲ್ರೀ? ಮುಂದಿನ ಕೀಲಿ ರೂಢಿ ಆಗೇತಿ, ಇರ್ಲಿ."

ಕಾರ್ಮಿಕ ಇಲಾಖೆಗೆ ದೂರು ಕೊಡುತ್ತೇನೆ ಎಂದೆ.

"ಕೊಡ್ರಿ. ಶೆಡ್ ಮುಚ್ಚತೀನಿ. ಇವರ ಹೊಟ್ಟಿಗೆ ನೀವ ಹಾಕ್ರಿ."

ಕಿಟಕಿಯ ಸರಳಿನ ಹಿಂದೆ ಮಾಬೂಬಿ ನಿಂತಿದ್ದಳು. "ದೂರು ಬ್ಯಾಡ್ರಿ ಸರ್, ಕೈ ಮುಗೀತೀನಿ. ಕಳ್ಳಿ ಅನ್ನೂದು ತಪ್ಪಿಸೀರಿ, ಅಷ್ಟ ಸಾಕು. ಅಲ್ಲಾ ನಿಮಗ ಚೊಲೊ ಮಾಡ್ಲಿ."

ಬಸ್ಸಿನಲ್ಲಿ ಕಿಟಕಿಯ ಪಕ್ಕವೇ ಜಾಗ ಸಿಕ್ಕಿತು. ಹೊರಗೆ ನೋಡುವ ಮನಸ್ಸಾಗಲಿಲ್ಲ. ಮರುದಿನ ಬೆಳಿಗ್ಗೆ ವಿಜಯಪುರದಲ್ಲಿ ದೂರು ಕೊಟ್ಟೆ. ಮಾಬೂಬಿಯ ಶಾಪ ತಟ್ಟಿದರೆ ತಟ್ಟಲಿ.